ಸ್ನೋಮೊಬೈಲ್ ಸೆಲ್ಫ್ ಒಮ್ಮೆ ಟಕ್ ಅಂದು ನಿಲ್ಲುತ್ತೆ, ಒಮ್ಮೆ ಗುಯ್ ಅಂತ ಸುಮ್ಮನೆ ತಿರುಗುತ್ತೆ. ಮೋಟಾರ್ ಹೋಯ್ತಾ?

ಡುಲುತ್ ದಾರಿ

ಎಲ್ಲರಿಗೂ ನಮಸ್ಕಾರ. ಮಿನೆಸೋಟದಲ್ಲಿ ಡುಲುತ್‌ನಿಂದ ಮೇಲಕ್ಕೆ, ಸುಪೀರಿಯರ್ ಸರೋವರದ ದಂಡೆ ಕಡೆ ಇದ್ದೇವೆ. ಗಾಡಿ (ಹಿಮದ ಮೇಲೆ ರಬ್ಬರ್ ಟ್ರ್ಯಾಕಿನಲ್ಲಿ ಓಡೋ ಸ್ನೋಮೊಬೈಲ್) 600 ಸಿಸಿ ಟೂ-ಸ್ಟ್ರೋಕ್, ಎರಡು ಸಿಲಿಂಡರ್, ಲಿಕ್ವಿಡ್ ಕೂಲ್ಡ್, ಇಂಜೆಕ್ಷನ್. ಸೆಲ್ಫ್ ಇದೆ, ಜೊತೆಗೆ ಎಳೆಯೋ ಹಗ್ಗವೂ ಇದೆ. ಇದು ಒಂಬತ್ತನೇ ಚಳಿಗಾಲ, ಸೆಲ್ಫ್ ಮೋಟಾರ್ ಇದುವರೆಗೆ ಬಿಚ್ಚಿಲ್ಲ.

ತೊಂದರೆ ಎರಡು ಥರ ಬರ್ತಿದೆ. ಬೆಳಗ್ಗೆ ಮೈನಸ್ 25ರ (ಫ್ಯಾರನ್‌ಹೀಟ್‌ನಲ್ಲಿ ಮೈನಸ್ 13) ಆಸುಪಾಸಿನಲ್ಲಿ ಬಟನ್ ಒತ್ತಿದರೆ ಒಂದೇ ಒಂದು ಟಕ್. ಮೀಟರಿನ ಬೆಳಕು ಕುಗ್ಗುತ್ತೆ, ಎಂಜಿನ್ ಅಲುಗಲ್ಲ. ಇನ್ನು ಕೆಲವು ದಿನ ಮೋಟಾರ್ ಗುಯ್ ಅಂತ ಜೋರಾಗಿ ತಿರುಗುತ್ತೆ, ಎಂಜಿನ್ ಮಾತ್ರ ತಿರುಗಲ್ಲ. ಮೂರು ನಾಲ್ಕು ಸಲ ಒತ್ತಿದ ಮೇಲೆ ಖಣ್ ಅಂತ ಹಲ್ಲು ಕೂತು ಸ್ಟಾರ್ಟ್ ಆಗುತ್ತೆ. ಮಧ್ಯಾಹ್ನ ಒಂದು ಗಂಟೆ ಓಡಿಸಿ ನಿಲ್ಲಿಸಿದ ಮೇಲೆ ಯಾವ ತೊಂದರೆಯೂ ಇಲ್ಲ. ಹಗ್ಗದಲ್ಲಿ ಎರಡು ಎಳೆತಕ್ಕೆ ಹೊತ್ತಿಕೊಳ್ಳುತ್ತೆ. ಬ್ಯಾಟರಿ ಎಜಿಎಂ (ನೀರು ಹಾಕದ, ಮುಚ್ಚಿದ ಸೀಸದ ಬ್ಯಾಟರಿ), ಮೂರು ವರ್ಷದ್ದು. ರಾತ್ರಿ ನಿಂತ ಮೇಲೆ 12.4 ವೋಲ್ಟ್ ತೋರಿಸುತ್ತೆ.

ಸರ್ವಿಸ್‌ನವರು ಗಾಡಿ ಬಿಚ್ಚದೆ, ಪೂರ್ತಿ ಸೆಲ್ಫ್ ಅಸೆಂಬ್ಲಿ ಬದಲಿಸಿ ಅಂದರು. ಬದಲಿಸೋದಕ್ಕೆ ಮುಂಚೆ ಏನೇನು ನೋಡಬೇಕು? ಮತ್ತೆ ಹೀಗೆ ಆಗದ ಹಾಗೆ ಏನು ಮಾಡಬೇಕು? ಮನೆಯಲ್ಲಿ ಇನ್ನೊಂದು ಫೋರ್-ಸ್ಟ್ರೋಕ್ ಗಾಡಿ ಇದೆ, ಅದಕ್ಕೆ ಹಗ್ಗವೇ ಇಲ್ಲ. ಹಾಗಾಗಿ ಅದರ ಬಗ್ಗೆಯೂ ಚಿಂತೆ.

ಸಡ್ಬರಿಯಿಂದ

ಮೋಟಾರ್ ಈಗಲೇ ಬದಲಿಸಬೇಡಿ ಸರ್. ಎರಡು ಬೇರೆ ಬೇರೆ ತೊಂದರೆಗಳು ಒಂದೇ ಗಾಡಿಯಲ್ಲಿ ಸೇರಿಕೊಂಡಿವೆ. ಟಕ್ ಅಂದು ಬೆಳಕು ಕುಗ್ಗಿದರೆ ಮೋಟಾರಿಗೆ ಬೇಕಾದಷ್ಟು ವೋಲ್ಟ್ ತಲುಪುತ್ತಿಲ್ಲ ಅಂತ. ಗುಯ್ ಅಂತ ತಿರುಗಿಯೂ ಎಂಜಿನ್ ಅಲುಗದಿದ್ದರೆ ಕರೆಂಟು ತಲುಪಿದೆ, ಆದರೆ ಬೆಂಡಿಕ್ಸ್‌ನ ಹಲ್ಲು ಎಂಜಿನ್ನಿನ ದೊಡ್ಡ ಹಲ್ಲುಚಕ್ರಕ್ಕೆ (ರಿಂಗ್ ಗೇರ್) ಕೂರುತ್ತಿಲ್ಲ. ಬೆಂಡಿಕ್ಸ್ ಅಂದರೆ ಮೋಟಾರಿನ ತುದಿಯಲ್ಲಿ ಮುಂದಕ್ಕೆ ಜಾರಿ ಎಂಜಿನ್ ಹಿಡಿಯೋ ಭಾಗ. ಹೊಸ ಅಸೆಂಬ್ಲಿ ಹಾಕಿದರೆ ಎರಡನೆಯದು ವಾಸಿಯಾಗಬಹುದು, ಮೊದಲನೆಯದು ಹಾಗೇ ಉಳಿಯುತ್ತೆ.

ಇವೆರಡಕ್ಕೂ ನಂಟಿದೆ ಅನ್ನೋದನ್ನೂ ಗಮನಿಸಿ. ಈ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಕಾರಿನ ಹಾಗೆ ಬೆಂಡಿಕ್ಸನ್ನು ಸೊಲೆನಾಯ್ಡ್ ತಳ್ಳಲ್ಲ, ಇಲ್ಲಿ ಅದು ಬಟನ್ ಒತ್ತಿದಾಗ ಮೋಟಾರಿಗೆ ದೊಡ್ಡ ಕರೆಂಟು ಬಿಡೋ ಸ್ವಿಚ್ ಮಾತ್ರ. ಮೋಟಾರ್ ಥಟ್ಟನೆ ವೇಗ ಹಿಡಿದಾಗ ಪಿನಿಯನ್ (ಬೆಂಡಿಕ್ಸಿನ ಚಿಕ್ಕ ಹಲ್ಲುಚಕ್ರ) ತನ್ನ ಭಾರಕ್ಕೆ ಹಿಂದುಳಿದು, ಶಾಫ್ಟಿನ ಸುರುಳಿ ತೋಡಿನ ಮೇಲೆ ಜಾರಿ ಮುಂದಕ್ಕೆ ಹಾರುತ್ತೆ. ವೋಲ್ಟ್ ಕಡಿಮೆಯಾದರೆ ಆ ಥಟ್ಟನೆಯ ಎಳೆತವೇ ಇರಲ್ಲ, ಪಿನಿಯನ್ ಸೋಮಾರಿಯಾಗಿ ಅಲ್ಲೇ ತಿರುಗುತ್ತಾ ಇರುತ್ತೆ.

ಹಗ್ಗದಲ್ಲಿ ಸಲೀಸಾಗಿ ತಿರುಗುತ್ತೆ ಅಂದಿರಿ. ಅದು ದೊಡ್ಡ ಸುಳಿವು, ಎಂಜಿನ್ ಬಿಗಿಯಾಗಿಲ್ಲ, ಕ್ರ್ಯಾಂಕ್‌ಕೇಸಿನಲ್ಲಿ ಪೆಟ್ರೋಲ್ ತುಂಬಿಲ್ಲ. ಟ್ರ್ಯಾಕ್ ಮಂಜಿಗೆ ಹೆಪ್ಪುಗಟ್ಟಿ ಅಂಟಿಕೊಂಡಿರೋದರಿಂದ ಸೆಲ್ಫ್ ತಿರುಗುತ್ತಿಲ್ಲ ಅಂತ ಕೆಲವರು ಹೇಳ್ತಾರೆ. ಅದು ಸರಿಯಲ್ಲ. ಸ್ಟಾರ್ಟ್ ಆಗೋ ವೇಗದಲ್ಲಿ ಮುಂದಿನ ಕ್ಲಚ್, ಎಂಜಿನ್ ಬಲವನ್ನು ಟ್ರ್ಯಾಕಿನ ಕಡೆ ಒಯ್ಯೋ ಬೆಲ್ಟನ್ನು ಹಿಡಿದೇ ಇರಲ್ಲ. ಬೆಲ್ಟ್ ತೀರಾ ಬಿಗಿ ಇದ್ದರೆ ಅಥವಾ ಕ್ಲಚ್ಚಿನೊಳಗೆ ಐಸ್ ಕೂತಿದ್ದರೆ ಮಾತ್ರ ಭಾರ ಬೀಳುತ್ತೆ.

ಮೊದಲು ಬ್ಯಾಟರಿ. ಎಜಿಎಂ ಪೂರ್ತಿ ತುಂಬಿದ್ದರೆ ಚಾರ್ಜರ್ ತೆಗೆದು ಕೆಲವು ಗಂಟೆ ಬಿಟ್ಟ ಮೇಲೆ 12.8ರ ಹತ್ತಿರ ತೋರಿಸಬೇಕು. ನಿಮ್ಮ 12.4 ಅಂದರೆ ಮುಕ್ಕಾಲು ಭಾಗವೂ ತುಂಬಿಲ್ಲ. ಅದರ ಮೇಲೆ ಮೈನಸ್ 18ರಲ್ಲೇ ಲೆಡ್ ಬ್ಯಾಟರಿಯ ತಾಕತ್ತು ಸುಮಾರು ಅರ್ಧಕ್ಕೆ ಇಳಿಯುತ್ತೆ, 25ರಲ್ಲಿ ಇನ್ನೂ ಕೆಳಕ್ಕೆ. ಮನೆಯೊಳಗೆ ತಂದು, ಎಜಿಎಂ ಸೆಟ್ಟಿಂಗ್ ಇರೋ 1ರಿಂದ 2 ಆಂಪಿಯರಿನ ಚಾರ್ಜರಿನಲ್ಲಿ ಒಂದು ರಾತ್ರಿ ಪೂರ್ತಿ ತುಂಬಿಸಿ, ಆಮೇಲೆ ಕೆಳಗಿನ ಅಳತೆ ಮಾಡಿ. ಬ್ಯಾಟರಿ ಅರ್ಧಂಬರ್ಧ ಇದ್ದಾಗ ಮಾಡಿದ ಅಳತೆ ಏನನ್ನೂ ಹೇಳಲ್ಲ.

ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಪಾರ್ಕಿಂಗ್ ಬ್ರೇಕ್ ಹಾಕಿ. ಎಂಜಿನ್ ತಿರುಗಬೇಕು, ಹೊತ್ತಿಕೊಳ್ಳಬಾರದು. ಅದಕ್ಕೆ ಪ್ಲಗ್ ಕ್ಯಾಪ್ ಎರಡನ್ನೂ ಎಳೆದು, ಅವುಗಳಿಗೆ ಎರಡು ಹಳೇ ಪ್ಲಗ್ ಸಿಕ್ಕಿಸಿ, ಪ್ಲಗ್ಗಿನ ಲೋಹ ಎಂಜಿನ್‌ಗೆ ಗಟ್ಟಿಯಾಗಿ ತಾಗುವಂತೆ ತಂತಿಯಲ್ಲಿ ಕಟ್ಟಿ. ಸಿಲಿಂಡರಿನ ಪ್ಲಗ್ ಹಾಗೇ ಇರಲಿ, ಕಂಪ್ರೆಷನ್ ಇದ್ದರೇ ಮೋಟಾರಿಗೆ ನಿಜವಾದ ಭಾರ ಬೀಳೋದು. ಕ್ಯಾಪನ್ನು ಗಾಳಿಯಲ್ಲಿ ತೂಗುಬಿಟ್ಟು ಸೆಲ್ಫ್ ಹೊಡೆಯಬೇಡಿ, ಇಗ್ನಿಷನ್ ಬಾಕ್ಸ್ ಸುಡುತ್ತೆ.

ಇನ್ನೊಬ್ಬರು ಬಟನ್ ಒತ್ತಲಿ, ಒಂದೊಂದು ಸಲಕ್ಕೆ 3 ಸೆಕೆಂಡ್. ಬ್ಯಾಟರಿಯ ಎರಡು ಕಂಬಗಳ ಮೇಲೆ ಎಷ್ಟಿದೆ ನೋಡಿ. ಕ್ಲಾಂಪಿನ ಮೇಲಲ್ಲ, ಸೀಸದ ಮೇಲೇ ಕಡ್ಡಿ ಇಡಿ. ಈ ಚಳಿಯಲ್ಲಿ 9.5ಕ್ಕಿಂತ ಕೆಳಗಿಳಿದರೆ ಬ್ಯಾಟರಿ ದುರ್ಬಲ. ಆಮೇಲೆ ಕೆಂಪು ಕಡ್ಡಿ ಬ್ಯಾಟರಿ ಪಾಸಿಟಿವ್‌ಗೆ, ಕಪ್ಪು ಕಡ್ಡಿ ಸೊಲೆನಾಯ್ಡಿನ ಬ್ಯಾಟರಿ ಬದಿಯ ಬೋಲ್ಟಿಗೆ. ನಂತರ ಸೊಲೆನಾಯ್ಡಿನ ಎರಡು ದೊಡ್ಡ ಬೋಲ್ಟುಗಳ ನಡುವೆ. ನಂತರ ಅಲ್ಲಿಂದ ಮೋಟಾರಿನ ಬೋಲ್ಟಿನವರೆಗೆ. ಕೊನೆಗೆ ಮೋಟಾರಿನ ಮೈಯಿಂದ ಬ್ಯಾಟರಿ ನೆಗೆಟಿವ್‌ವರೆಗೆ. ಈ ನಾಲ್ಕರಲ್ಲಿ ಬರೋ ಅಂಕಿ ಅಲ್ಲಲ್ಲಿ ಸೋರಿಹೋದ ವೋಲ್ಟ್. ಒಂದೊಂದು ಕಡೆ 0.2ರೊಳಗೆ ಇದ್ದರೆ ಒಳ್ಳೇದು, ಸೊಲೆನಾಯ್ಡಿಗೆ 0.3ರವರೆಗೆ ಸರಿ.

ಓಮ್ಸ್‌ನಲ್ಲಿ ನೋಡಿ ಕೇಬಲ್ ಸರಿ ಇದೆ ಅಂದುಕೊಳ್ಳಬೇಡಿ. ಸೆಲ್ಫ್ ಸುಮಾರು 100 ಆಂಪಿಯರ್ ಎಳೆಯುವಾಗ 0.01 ಓಮ್ ತಡೆ ಇದ್ದರೂ 1 ವೋಲ್ಟ್ ಹೋಗುತ್ತೆ. ಅಷ್ಟು ಸಣ್ಣ ತಡೆ ಸಾಮಾನ್ಯ ಮೀಟರಿಗೆ ಕಾಣಲ್ಲ, ಸೊನ್ನೆ ಅಂತಲೇ ತೋರಿಸುತ್ತೆ. ಭಾರ ಬಿದ್ದಾಗ ವೋಲ್ಟ್ ಅಳೆದರೆ ಮಾತ್ರ ಸಿಕ್ಕಿಬೀಳುತ್ತೆ.

ಮುಂದೆ ಓದುವವರಿಗೆ ಇನ್ನೊಂದು ಮಾತು. ಟಕ್ ಅಂದೂ ಬೆಳಕು ಕುಗ್ಗದಿದ್ದರೆ ಸೊಲೆನಾಯ್ಡಿನ ಒಳಗಿನ ಬಿಲ್ಲೆ ಸುಟ್ಟಿದೆ, ಅಥವಾ ಮೋಟಾರಿನ ಕಾರ್ಬನ್ ಬ್ರಷ್ ತಾಗುತ್ತಿಲ್ಲ. ಟಕ್ ಕೂಡ ಇಲ್ಲ ಅಂದರೆ ಫ್ಯೂಸ್, ಬಟನ್, ಟೆದರ್ ಕೀಲಿ (ಸವಾರ ಬಿದ್ದರೆ ಎಂಜಿನ್ ನಿಲ್ಲಿಸೋ, ದಾರ ಕಟ್ಟಿದ ಕೀಲಿ), ಸೊಲೆನಾಯ್ಡಿನ ಸಣ್ಣ ವೈರಿನ ಕಡೆ ಹೋಗಿ.

ಎಡ್ಮಂಟನ್ ಚಳಿ

ವಿದ್ಯುತ್ ಕಡೆ ಮೇಲಿನವರು ಪೂರ್ತಿ ಹೇಳಿದ್ದಾರೆ. ನಾನು ಬೆಂಡಿಕ್ಸ್ ಬಗ್ಗೆ ಬರೀತೀನಿ. ಚಳಿಯಲ್ಲಿ ಮಾತ್ರ ಸುಮ್ಮನೆ ತಿರುಗಿ, ಗಾಡಿ ಬಿಸಿಯಾದ ಮೇಲೆ ಸರಿ ಆಗುತ್ತೆ ಅಂದರೆ ಸುರುಳಿ ತೋಡಿನಲ್ಲಿ ಹಳೇ ಗ್ರೀಸ್ ಗಟ್ಟಿಯಾಗಿದೆ ಅಂತ ಮೊದಲ ಅನುಮಾನ. ಒಂಬತ್ತು ವರ್ಷದ ಗ್ರೀಸಿಗೆ ಬೆಲ್ಟಿನ ಕರಿ ಪುಡಿ ಸೇರಿದರೆ ಮೈನಸ್ 20ರಲ್ಲಿ ಅದು ಮೇಣದ ಹಾಗೆ.

ಬಿಚ್ಚುವಾಗ ಬ್ಯಾಟರಿಯ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಕೆಲವು ಮಾಡೆಲ್‌ಗಳಲ್ಲಿ ರಿಂಗ್ ಗೇರ್ ಮ್ಯಾಗ್ನೆಟೊ ಕಡೆಯ ಫ್ಲೈವೀಲ್ ಮೇಲಿರುತ್ತೆ, ಕೆಲವಲ್ಲಿ ಮುಂದಿನ ಕ್ಲಚ್ಚಿನ ಒಳತಟ್ಟೆಯ ಮೇಲೆ. ನಿಮ್ಮದು ಕ್ಲಚ್ ಕಡೆಯದಾದರೆ ಬೆಲ್ಟ್ ಗಾರ್ಡ್ ತೆಗೆದ ಕೂಡಲೇ ಕಾಣುತ್ತೆ. ಕ್ಲಚ್ ಕಡೆ ಇರೋದರಲ್ಲೇ ಪುಡಿ ಹೆಚ್ಚು. ಯಾವತ್ತಾದರೂ ಬೆಲ್ಟ್ ಹರಿದಿದ್ದರೆ ಅದರ ನೂಲು ಪಿನಿಯನ್ನಿನ ಹಿಂದೆ ಸುತ್ತಿಕೊಂಡು ಕೂತಿರುತ್ತೆ. ಮೇಲಿಂದ ನೋಡಿದರೆ ಕಾಣಲ್ಲ, ಟಾರ್ಚ್ ಹಾಕಿ ಪಿನಿಯನ್ನನ್ನು ಬೆರಳಲ್ಲಿ ಮುಂದಕ್ಕೆ ಎಳೆದು ನೋಡಬೇಕು.

ಮೋಟಾರಿನ ಕೇಬಲ್ ಬಿಚ್ಚುವಾಗ ಎರಡು ಸ್ಪ್ಯಾನರ್ ಬೇಕೇ ಬೇಕು. ಬೋಲ್ಟಿನಲ್ಲಿ ಎರಡು ನಟ್ ಇರುತ್ತೆ. ಒಳಗಿನದನ್ನು ಒಂದು ಸ್ಪ್ಯಾನರಿನಲ್ಲಿ ಅಲುಗದಂತೆ ಹಿಡಿದು, ಹೊರಗಿನದನ್ನು ಮಾತ್ರ ತಿರುಗಿಸಿ. ಒಂದೇ ಸ್ಪ್ಯಾನರಿನಲ್ಲಿ ತಿರುಗಿಸಿದರೆ ಬೋಲ್ಟೇ ತಿರುಗಿ ಒಳಗಿನ ಬ್ರಷ್ ವೈರ್ ತಿರುಚಿ ಹರಿಯುತ್ತೆ. ಚೆನ್ನಾಗಿದ್ದ ಮೋಟಾರ್ ಅಲ್ಲಿಗೆ ಮುಗಿಯಿತು. ಈ ಒಂದು ಕಾರಣಕ್ಕೆ ಹಾಳಾದ ಮೋಟಾರುಗಳು ಕಡಿಮೆ ಇಲ್ಲ.

ಕೂರಿಸುವ ಬೋಲ್ಟುಗಳನ್ನು ತೆಗೆಯುವಾಗ ಮಧ್ಯೆ ತೆಳು ತಗಡಿನ ಶಿಮ್ ಇದ್ದರೆ ಯಾವ ಬೋಲ್ಟಿನದು ಅಂತ ಗುರುತು ಮಾಡಿ, ಅದೇ ಜಾಗಕ್ಕೆ ವಾಪಸ್ ಹೋಗಬೇಕು. ಮೂತಿಯ ಸುತ್ತ ಓ-ರಿಂಗ್ ಇದ್ದರೆ ಹೊಸದು ತಂದಿಟ್ಟುಕೊಳ್ಳಿ.

ಈಗ ಪಿನಿಯನ್ನನ್ನು ಕೈಯಲ್ಲಿ ತಿರುಗಿಸಿ ಮುಂದಕ್ಕೆ ತಳ್ಳಿ. ತಡೆಯಿಲ್ಲದೆ ಸರ್ರನೆ ತುದಿಯವರೆಗೆ ಹೋಗಬೇಕು, ಬಿಟ್ಟರೆ ಸ್ಪ್ರಿಂಗ್ ಅದನ್ನು ಟಪ್ಪನೆ ಹಿಂದಕ್ಕೆ ತರಬೇಕು. ಬೆಚ್ಚಗಿನ ಗ್ಯಾರೇಜಿನಲ್ಲಿ ಚೆನ್ನಾಗಿಯೇ ಓಡಾಡಬಹುದು, ಅದನ್ನು ನಂಬಬೇಡಿ. ಮೋಟಾರನ್ನು ಒಂದು ರಾತ್ರಿ ಹೊರಗೆ ಚಳಿಯಲ್ಲಿಟ್ಟು ಬೆಳಗ್ಗೆ ಮತ್ತೆ ಮಾಡಿ ನೋಡಿ. ಆಗ ನಿಜ ಗೊತ್ತಾಗುತ್ತೆ.

ಮೋಟಾರನ್ನು ಪಿನಿಯನ್ ಕೆಳಮುಖವಾಗಿ ಹಿಡಿದು ಬ್ರೇಕ್ ಕ್ಲೀನರ್ ಸಿಂಪಡಿಸಿ, ಹಳೇ ಟೂತ್‌ಬ್ರಷ್‌ನಲ್ಲಿ ಸುರುಳಿಯ ಪ್ರತಿ ತೋಡನ್ನೂ ಉಜ್ಜಿ. ಕೆಳಮುಖ ಯಾಕೆ ಅಂದರೆ ಕರಗಿದ ಕೊಳೆ ಮೋಟಾರಿನ ಒಳಕ್ಕೆ ಹೋಗಬಾರದು. ಒಣಗಿದ ಮೇಲೆ ಸುರುಳಿಗೆ ಒಣ ಗ್ರಾಫೈಟ್ ಅಥವಾ ಮಾಲಿಬ್ಡಿನಮ್ ಸ್ಪ್ರೇ ತೆಳುವಾಗಿ ಸಾಕು. ವೀಲ್ ಬೇರಿಂಗಿನ ದಪ್ಪ ಗ್ರೀಸ್ ಹಚ್ಚಿದರೆ ಮುಂದಿನ ಜನವರಿಗೆ ಮತ್ತೆ ಇದೇ ಪ್ರಶ್ನೆ ಕೇಳಬೇಕಾಗುತ್ತೆ. ಡಬ್ಲ್ಯುಡಿ-40 ಸಿಂಪಡಿಸೋದೂ ಬೇಡ. ಅದರ ಎಣ್ಣೆ ಪಸೆಗೆ ಬೆಲ್ಟಿನ ಪುಡಿ ಮೆತ್ತಿಕೊಳ್ಳುತ್ತೆ.

ಪಿನಿಯನ್ ಹಲ್ಲುಗಳ ಮುಂದಿನ ಅಂಚು ಸ್ವಲ್ಪ ಓರೆಯಾಗಿರೋದು ಸಹಜ, ಹಾಗೇ ಮಾಡಿರ್ತಾರೆ. ಆದರೆ ಮುಳ್ಳೆದ್ದಿದ್ದರೆ, ಮುರಿದಿದ್ದರೆ ಬೆಂಡಿಕ್ಸ್ ಮಾತ್ರ ಬೇರೆಯಾಗಿ ಸಿಗುತ್ತಾ ವಿಚಾರಿಸಿ, ಎಷ್ಟೋ ಮಾಡೆಲ್‌ಗಳಿಗೆ ಸಿಗುತ್ತೆ. ರಿಂಗ್ ಗೇರನ್ನು ಒಂದು ಪೂರ್ತಿ ಸುತ್ತು ತಿರುಗಿಸಿ ಪ್ರತಿ ಹಲ್ಲು ನೋಡಿ. ಎರಡು ಸಿಲಿಂಡರಿನ ಎಂಜಿನ್ ನಿಲ್ಲುವಾಗ ಹೆಚ್ಚಾಗಿ ಕಂಪ್ರೆಷನ್‌ಗೆ ಮುಂಚಿನ ಎರಡು ಜಾಗಗಳಲ್ಲೇ ನಿಲ್ಲುತ್ತೆ. ಆ ಎರಡು ಕಡೆಯ ಹಲ್ಲುಗಳು ಮಾತ್ರ ಸವೆದು ಉಳಿದವು ಹೊಸದಾಗಿರಬಹುದು. ಒಂದು ಕಡೆ ಮಾತ್ರ ನೋಡಿ ಚೆನ್ನಾಗಿದೆ ಅಂದುಬಿಟ್ಟರೆ ಮೋಸ ಹೋಗ್ತೀರಿ.

ಹಾಕುವ ಮುಂಚೆ ಮೋಟಾರನ್ನು ಮರದ ತುಂಡಿನ ಮೇಲೆ ಗಟ್ಟಿಯಾಗಿ ಬಿಗಿದು ಜಂಪರ್ ಕೇಬಲಿನಲ್ಲಿ 12 ವೋಲ್ಟ್ ಕೊಡಿ. ಎರಡು ಸೆಕೆಂಡ್ ಸಾಕು. ಪಿನಿಯನ್ ಒಂದೇ ಏಟಿಗೆ ಹೊರಗೆ ಹಾರಬೇಕು. ಕೈಯಲ್ಲಿ ಹಿಡಿದು ಕೊಡಬೇಡಿ, ಮಣಿಕಟ್ಟು ತಿರುಚುವಷ್ಟು ಜೋರಾಗಿ ಒದೆಯುತ್ತೆ.

ಹುಬ್ಬಳ್ಳಿ ಆರ್ಮೇಚರ್

ಗಾಡಿ ಬ್ಯಾರೆ ಆದ್ರೂ ಒಳಗಿನ ಮೋಟಾರ್ ಅದ ಜಾತೀದು ರೀ. ಕಾರ್ಬನ್ ಬ್ರಷ್, ಆರ್ಮೇಚರ್ (ತಂತಿ ಸುತ್ತಿದ, ತಿರುಗೋ ಭಾಗ), ಬುಷ್ (ಶಾಫ್ಟ್ ತಿರುಗೋ ಲೋಹದ ಕೊಳವಿ), ಅಯಸ್ಕಾಂತ, ಇಷ್ಟ. ಹೆಂಗಿದ್ರೂ ಹೊರಗ ತಗದೀರಿ ಅಂದ ಮ್ಯಾಲ ಒಳಗೂ ನೋಡೇ ಬಿಡ್ರಿ.

ಬಿಚ್ಚೂಕಿಂತ ಮೊದಲ ಎರಡೂ ಮುಚ್ಚಳಕ್ಕ ಮತ್ತ ನಡುವಿನ ಡಬ್ಬಿಗೆ ಸೇರಿಸಿ ಒಂದು ಉದ್ದನ್ನ ಗೆರಿ ಕೊರೀರಿ. ಮುಚ್ಚಳ ತಿರುವು ಮುರುವು ಕೂಡಿಸಿದ್ರ ಬ್ರಷ್ ಜಾಗಾ ತಪ್ಪತದ, ನೀರ ಹೋಗೋ ತೂತು ಮ್ಯಾಲ ಬರ್ತದ. ಆ ತೂತು ಕೆಳಗ ಇರ್ಬೇಕ್ರಿ. ಇಲ್ಲಂದ್ರ ಕರಗಿದ ಹಿಮ ಒಳಗ ನಿಂತು ರಾತ್ರಿ ಐಸ್ ಆಗಿ ಆರ್ಮೇಚರ್ ಹಿಡ್ಕೊಂಡ ಬಿಡ್ತದ.

ಉದ್ದನ್ನ ಬೋಲ್ಟ್ ಎರಡು ತಗದ ಮ್ಯಾಲ ಮುಚ್ಚಳ ಸಾವಕಾಶ ಎಳೀರಿ. ಶಾಫ್ಟಿನ ಎರಡೂ ತುದಿಗೆ ಕಾಗದಧಂಗ ತೆಳ್ಳನ್ನ ವಾಷರ್ ಇರ್ತಾವ. ಯಾವ ತುದಿಗೆ ಎಷ್ಟು, ಯಾವ ಸಾಲಿನಾಗ ಅಂತ ಫೋಟೋ ತಗೀರಿ. ಎಣ್ಣಿ ಪಸಿಗೆ ಮುಚ್ಚಳದೊಳಗ ಅಂಟ್ಕೊಂಡಿರ್ತಾವ, ಬೆರಳಾಡಿಸಿ ನೋಡ್ರಿ.

ಬ್ರಷ್ ತಮ್ಮ ಮನಿಯೊಳಗ ಸಲೀಸ ಮ್ಯಾಲ ಕೆಳಗ ಆಡ್ಬೇಕು. ಎಷ್ಟು ಸವದ್ರ ನಡೀತದ ಅನ್ನೂದು ಆ ಗಾಡಿ ಮ್ಯಾನ್ಯುಯಲ್‌ದಾಗ ಇರ್ತದ. ಅದು ಸಿಗಲಿಲ್ಲಂದ್ರ ಹೊಸದರ ಅರ್ಧಕ್ಕ ಬಂದಿದ್ರ ಬದಲಿ ಮಾಡ್ರಿ, ಕಾಯಬ್ಯಾಡ್ರಿ. ಸ್ಪ್ರಿಂಗ್ ನೀಲಿ ಬಣ್ಣಕ್ಕ ತಿರುಗಿದ್ರ ಕಾದು ಸತ್ತದ ಅಂತ ತಿಳೀರಿ, ಅದನ್ನೂ ತಗೀರಿ.

ಕಮ್ಯುಟೇಟರ್ (ಬ್ರಷ್ ತಾಗೋ ತಾಮ್ರದ ಪಟ್ಟಿಗಳ ಸುತ್ತು) ಕಂದು ಬಣ್ಣದ್ದು, ಸಪಾಟ ಇದ್ರ ಅದು ಒಳ್ಳೇದ, ಮುಟ್ಟಬ್ಯಾಡ್ರಿ. ಕರ್ರಗ ಗೀರು ಬಿದ್ದಿದ್ರ 400 ಇಲ್ಲಾ 600 ನಂಬರಿನ ಸ್ಯಾಂಡ್ ಪೇಪರ್ ಪಟ್ಟಿ ಸುತ್ತಿ ಆರ್ಮೇಚರ್ ತಿರುಗಿಸ್ರಿ. ಎಮರಿ ಬ್ಯಾಡ, ಅದರ ಪುಡಿ ಕರೆಂಟ್ ಹಾಯಿಸ್ತದ, ಪಟ್ಟಿ ಪಟ್ಟಿ ನಡುವ ಕುಂತು ಶಾರ್ಟ್ ಮಾಡ್ತದ. ತಾಮ್ರದ ಪಟ್ಟಿ ನಡುವಿನ ಮೈಕಾ ತಾಮ್ರಕ್ಕ ಸಮ ಬಂದಿದ್ರ ಹ್ಯಾಕ್ಸಾ ಬ್ಲೇಡಿನ ತುಂಡು ತೆಳ್ಳಗ ತಿಕ್ಕಿ ಅರ್ಧ ಮಿಲಿಮೀಟರಿನಷ್ಟು ಆಳ ಮಾಡ್ರಿ, ಆಮ್ಯಾಲ ಗಾಳಿ ಹೊಡದು ಪುಡಿ ತಗೀರಿ.

ಮೀಟರ್ ಬೀಪ್‌ಗೆ ಇಡ್ರಿ. ಯಾವುದ ಎರಡು ತಾಮ್ರದ ಪಟ್ಟಿ ಹಿಡದ್ರೂ ಬೀಪ್ ಬರ್ಬೇಕು. ಪಟ್ಟಿಯಿಂದ ಶಾಫ್ಟಿಗೆ ಬರಬಾರ್ದು. ಬಂತಂದ್ರ ವೈಂಡಿಂಗ್ ಬಾಡಿಗೆ ತಾಗೇದ, ಆ ಆರ್ಮೇಚರ್ ಕೆಲಸಕ್ಕ ಬರೂದಿಲ್ಲ. ಪಾಸಿಟಿವ್ ಬೋಲ್ಟಿಂದ ಡಬ್ಬಿಗೂ ಬೀಪ್ ಬರಬಾರ್ದು, ಆದ್ರ ಇದನ್ನ ಆರ್ಮೇಚರ್ ಹೊರಗ ತಗದಾಗ ನೋಡ್ರಿ. ಒಳಗಿದ್ದಾಗ ಬೀಪ್ ಬರೂದ ಸರಿ, ಅದಕ್ಕ ಗಾಬರಿ ಆಗಬ್ಯಾಡ್ರಿ.

ಆರ್ಮೇಚರಿನ ಕಬ್ಬಿಣದ ಮ್ಯಾಲ ಒಂದ ಕಡಿ ಹೊಳಿಯೋ ಗೀರು ಕಂಡ್ರ ಬುಷ್ ಸವದು ಅದು ಅಯಸ್ಕಾಂತಕ್ಕ ತಿಕ್ಕಾಕತ್ತದ. ಬುಷ್ ಬದಲಿ ಮಾಡ್ರಿ, ಹೊಸಾ ಬುಷ್ ತೆಳ್ಳನ್ನ ಎಣ್ಣಿಯೊಳಗ ಒಂದ ದಿನ ನೆನಸಿ, ಒರಸಿ ಹಾಕ್ರಿ. ಬ್ರಷ್ ಕಡೆ ಬುಷ್‌ಗೆ ಎಣ್ಣಿ ಹನಿಸಬ್ಯಾಡ್ರಿ, ಹರದು ಕಮ್ಯುಟೇಟರಿಗೆ ಬರ್ತದ.

ಅಯಸ್ಕಾಂತದ ಡಬ್ಬಿ ವೈಸಿನಾಗ ಬಿಗೀಬ್ಯಾಡ್ರಿ, ಸುತ್ತಿಗಿ ಬಡೀಬ್ಯಾಡ್ರಿ. ಅದು ಮಣ್ಣಿನ ಬಿಲ್ಲಿ ಇದ್ಧಂಗ, ಒಂದ ಏಟಿಗೆ ಸೀಳ್ತದ. ಸೆಲ್ಫ್ ತಿರುಗದಿದ್ರ ಸ್ಪ್ಯಾನರಿಂದ ಬಡಿಯೋ ಚಟ ಎಲ್ಲಾ ಕಡೆ ಅದ. ಒಮ್ಮೆ ತಿರುಗಬಹುದು, ಆದ್ರ ಅಯಸ್ಕಾಂತ ಒಡದ್ರ ಮೋಟಾರ್ ಪೂರ್ತಿ ಹೋತು.

ಡುಲುತ್ ದಾರಿ

ಎಲ್ಲರಿಗೂ ತುಂಬಾ ಧನ್ಯವಾದ. ಬ್ಯಾಟರಿ ಪೂರ್ತಿ ತುಂಬಿಸಿ (12.8 ಬಂತು), ಮೈನಸ್ 21ರಲ್ಲಿ ಅಳತೆ ಮಾಡಿದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿ ಕಂಬಗಳಲ್ಲಿ 10.4. ಬ್ಯಾಟರಿಯಿಂದ ಸೊಲೆನಾಯ್ಡಿಗೆ 0.1. ಸೊಲೆನಾಯ್ಡಿನ ಎರಡು ಬೋಲ್ಟುಗಳ ನಡುವೆ 0.9. ಅಲ್ಲಿಂದ ಮೋಟಾರಿಗೆ 0.2. ಮೋಟಾರಿನ ಮೈಯಿಂದ ಬ್ಯಾಟರಿ ನೆಗೆಟಿವ್‌ಗೆ 1.1. ಮೋಟಾರಿಗೆ ಸಿಗ್ತಿರೋದು ಬರೀ 8.1. ಎಂಜಿನ್ ತಿರುಗಿತು, ಆದರೆ ನಿಧಾನ.

ಸೊಲೆನಾಯ್ಡ್ ಬಿಚ್ಚಿ ತೊಳೆಯಬಹುದಾ? ಚಳಿಗೆ ಲಿಥಿಯಂ ಬ್ಯಾಟರಿ ಹಾಕಿದರೆ ಒಳ್ಳೇದು ಅಂತ ಒಬ್ಬರು ಹೇಳಿದರು, ನಿಜವಾ?

ಸಡ್ಬರಿಯಿಂದ

ಅಳತೆ ಅಚ್ಚುಕಟ್ಟಾಗಿದೆ, ಕೂಡಿದರೆ ಲೆಕ್ಕವೂ ಸರಿಹೋಗುತ್ತೆ. ಬ್ಯಾಟರಿ ಚೆನ್ನಾಗಿದೆ. ದಾರಿಯಲ್ಲಿ 2.3 ವೋಲ್ಟ್ ಸೋರ್ತಿದೆ, ಅದರಲ್ಲಿ 2 ವೋಲ್ಟ್ ಎರಡೇ ಜಾಗದಲ್ಲಿ.

1.1 ಸೋರ್ತಿರೋದು ಅರ್ಥ್ ಕಡೆ, ಅಂದರೆ ಕರೆಂಟು ಬ್ಯಾಟರಿ ನೆಗೆಟಿವ್‌ಗೆ ವಾಪಸ್ ಹೋಗೋ ದಾರಿಯಲ್ಲಿ. ಎಂಜಿನ್ ರಬ್ಬರ್ ಮೌಂಟುಗಳ ಮೇಲೆ ಕೂತಿರುತ್ತೆ, ಹಾಗಾಗಿ ಚಾಸಿಗೂ ಎಂಜಿನ್‌ಗೂ ಒಂದು ಅರ್ಥ್ ಕೇಬಲೇ ಗತಿ. ಎಂಜಿನ್ ಅಲುಗಾಟಕ್ಕೆ ಅದರ ಎಳೆಗಳು ಲಗ್ಗಿನ (ಕೇಬಲ್ ತುದಿಯ ಲೋಹದ ಬಳೆ) ಕುತ್ತಿಗೆಯಲ್ಲಿ ಒಂದೊಂದಾಗಿ ಮುರೀತಾ ಹೋಗುತ್ತವೆ. ಮೇಲಿನ ಪ್ಲಾಸ್ಟಿಕ್ ಸುತ್ತು ಹಾಗೇ ಇರೋದರಿಂದ ಹೊರಗಿಂದ ಏನೂ ಕಾಣಲ್ಲ. ಲಗ್ಗಿನ ಹತ್ತಿರ ಕೇಬಲನ್ನು ಬಗ್ಗಿಸಿ ನೋಡಿ. ಒಳಗೆ ಗರಗರ ಅಂದರೆ, ಅಥವಾ ಲಗ್ಗಿನ ಬಾಯಲ್ಲಿ ಹಸಿರು ಕಿಲುಬು ಕಂಡರೆ ಅದೇ. ಹೊಸ ಕೇಬಲ್ 16 ಚದರ ಮಿಲಿಮೀಟರಿಗೆ ಕಡಿಮೆ ಬೇಡ, ಸಣ್ಣ ಸಣ್ಣ ಎಳೆಗಳಿರೋ ಬಳುಕುವ ಜಾತಿಯದು. ಲಗ್ಗನ್ನು ಸರಿಯಾದ ಕ್ರಿಂಪಿಂಗ್ ಟೂಲಿನಲ್ಲಿ ಒತ್ತಿ, ಒಳಗೆ ಅಂಟು ಇರೋ ಹೀಟ್ ಶ್ರಿಂಕ್ ಹಾಕಿ. ತಾಗುವ ಜಾಗದ ಪೇಂಟನ್ನು ಲೋಹ ಹೊಳೆಯುವವರೆಗೆ ಉಜ್ಜಿ. ಬಿಗಿ ಮಾಡಿದ ಮೇಲೆ ಹೊರಗಿಂದ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ. ಕೇಬಲಿಗೆ ಸ್ವಲ್ಪ ಸಡಿಲ ಬಿಡಿ, ಎಂಜಿನ್ ಅಲುಗಿದಾಗ ಜಗ್ಗಬಾರದು.

0.9 ಸೊಲೆನಾಯ್ಡಿನ ಒಳಗೆ. ಅದರ ತಾಮ್ರದ ಬಿಲ್ಲೆ ಕಿಡಿ ಹಾರಿ ಹಾರಿ ಗುಳಿಬಿದ್ದಿದೆ. ಇವು ಮುಚ್ಚಿ ಮಾಡಿರೋ ಡಬ್ಬಿಗಳು, ಬಿಚ್ಚಿದರೆ ಮತ್ತೆ ನೀರು ಹೋಗದಂತೆ ಮುಚ್ಚೋಕೆ ಆಗಲ್ಲ. ಹೊಸದು ಹಾಕಿ. ಕೊಳ್ಳುವಾಗ ಸಣ್ಣ ವೈರ್ ಒಂದಾ ಎರಡಾ ನೋಡಿ. ಒಂದೇ ಇದ್ದರೆ ಅದರ ಕಾಯಿಲ್ ಅರ್ಥ್ ಅನ್ನು ಡಬ್ಬಿಯ ಲೋಹದ ಕಾಲಿನಿಂದ ತಗೊಳ್ಳುತ್ತೆ, ಪ್ಲಾಸ್ಟಿಕ್ ಮೇಲೆ ಕೂರಿಸಿದರೆ ಕೆಲಸ ಮಾಡಲ್ಲ.

ಸುಟ್ಟ ಬಿಲ್ಲೆಯನ್ನು ಹಾಗೇ ಓಡಿಸಬೇಡಿ. ಒಂದು ದಿನ ಅದು ಬೆಸುಗೆ ಹಾಕಿದಂತೆ ಅಂಟಿಕೊಂಡು, ಬಟನ್ ಬಿಟ್ಟರೂ ಸೆಲ್ಫ್ ತಿರುಗುತ್ತಲೇ ಇರುತ್ತೆ. ಕೀಲಿ ತೆಗೆದರೂ ನಿಲ್ಲಲ್ಲ, ಬ್ಯಾಟರಿ ನೆಗೆಟಿವ್ ಕಿತ್ತರೆ ಮಾತ್ರ ನಿಲ್ಲೋದು. ಆ ನಟ್ಟಿನ ಅಳತೆಯ ಸ್ಪ್ಯಾನರ್ ಸೀಟಿನ ಕೆಳಗಿನ ಟೂಲ್ ಚೀಲದಲ್ಲಿ ಇರಲೇಬೇಕು. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಸೊಲೆನಾಯ್ಡ್ ದಾಟಿಸೋದೂ ಬೇಡ. ಪೆಟ್ರೋಲ್ ಆವಿ ಇರೋ ಜಾಗ, ಕಿಡಿ ದೊಡ್ಡದಾಗಿ ಹಾರುತ್ತೆ.

ಎಡ್ಮಂಟನ್ ಚಳಿ

ಲಿಥಿಯಂ ಐರನ್ ಫಾಸ್ಫೇಟ್ ಹಗುರ, ಅದು ನಿಜ. ಆದರೆ ಸೊನ್ನೆಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಿದರೆ ಸೆಲ್ ಒಳಗೆ ಲಿಥಿಯಂ ಲೋಹ ಪದರಗಟ್ಟಿ ಹಾಳಾಗುತ್ತೆ. ನೀವು ಸ್ಟಾರ್ಟ್ ಮಾಡಿದ ಕ್ಷಣದಿಂದ ಗಾಡಿ ಅದನ್ನು ಚಾರ್ಜ್ ಮಾಡೋಕೆ ಶುರು ಮಾಡುತ್ತೆ. ತಡೆಯೋ ಸರ್ಕ್ಯೂಟ್ ಒಳಗೇ ಇರೋ ಬ್ಯಾಟರಿ ಆದರೆ ಚಾರ್ಜೇ ತಗೊಳ್ಳಲ್ಲ. ಮೈನಸ್ 25ರ ಊರಿಗೆ ಎಜಿಎಂ ಸಾಕು.

ತೊಂದರೆ ಬರದ ಹಾಗೆ ಅಂತ ಕೇಳಿದಿರಿ. ಚಿಕ್ಕ ಚಿಕ್ಕ ಓಡಾಟವೇ ಬ್ಯಾಟರಿಗೆ ಶತ್ರು. ಹಿಡಿಕೆ ಬಿಸಿ ಮಾಡೋ ತಂತಿ, ಹೆಡ್‌ಲೈಟ್ ಎಲ್ಲ ಆನ್ ಇಟ್ಟು ಹತ್ತು ನಿಮಿಷ ಓಡಿಸಿದರೆ, ಸ್ಟಾರ್ಟ್‌ಗೆ ತೆಗೆದಷ್ಟನ್ನೂ ವಾಪಸ್ ತುಂಬಲ್ಲ. 4000 ಆರ್‌ಪಿಎಂನಲ್ಲಿ ಬ್ಯಾಟರಿ ಮೇಲೆ 13.8ರಿಂದ 14.5 ಇದೆಯಾ ನೋಡಿ. ಐಡಲ್‌ನಲ್ಲಿ ಕಡಿಮೆ ತೋರಿಸಿದರೆ ಗಾಬರಿ ಬೇಡ. ವಾರಗಟ್ಟಲೆ ನಿಲ್ಲಿಸೋದಾದರೆ ಮೇಂಟೈನರ್ (ಬ್ಯಾಟರಿಯನ್ನು ಸದಾ ತುಂಬಿಡೋ ಸಣ್ಣ ಚಾರ್ಜರ್) ಹಾಕಿಡಿ. ಖಾಲಿಯಾದ ಬ್ಯಾಟರಿ ಮೈನಸ್ 10ರ ಹತ್ತಿರವೇ ಹೆಪ್ಪುಗಟ್ಟುತ್ತೆ, ಪೂರ್ತಿ ತುಂಬಿದ್ದು ಮೈನಸ್ 50ನ್ನೂ ತಡೆಯುತ್ತೆ. ಹೊಟ್ಟೆ ಉಬ್ಬಿದ, ಹೆಪ್ಪುಗಟ್ಟಿದ ಬ್ಯಾಟರಿಗೆ ಚಾರ್ಜರ್ ಹಾಕಲೇಬಾರದು, ಸಿಡಿಯುತ್ತೆ. ಕಾರಿನಿಂದ ಜಂಪ್ ಕೊಡುವಾಗ ಕಾರಿನ ಎಂಜಿನ್ ಆಫ್ ಇರಲಿ.

ಒಂದು ಸಲಕ್ಕೆ 5 ಸೆಕೆಂಡ್ ಹೊಡೆಯಿರಿ, 30 ಸೆಕೆಂಡ್ ಬಿಡಿ. ಮೂರು ಸಲಕ್ಕೆ ಹೊತ್ತದಿದ್ದರೆ ಎರಡು ನಿಮಿಷ ಬಿಟ್ಟು ಹಗ್ಗಕ್ಕೆ ಬನ್ನಿ. ಎಂಜಿನ್ ಹೊತ್ತಿಕೊಂಡಂತೆ ಮಾಡಿ ಆರಿದಾಗ ತಕ್ಷಣ ಬಟನ್ ಒತ್ತಬೇಡಿ. ಟೂ-ಸ್ಟ್ರೋಕ್ ನಿಲ್ಲುವಾಗ ಹಿಂದಕ್ಕೂ ತೂಗುತ್ತೆ. ಆ ಹೊತ್ತಿಗೆ ಪಿನಿಯನ್ ಹೋಗಿ ಕಚ್ಚಿದರೆ ಹಲ್ಲು ಅಥವಾ ಮೋಟಾರಿನ ಮೂತಿ ಮುರಿಯುತ್ತೆ. ಕ್ಲಚ್ ಪೂರ್ತಿ ನಿಂತ ಮೇಲೆ ಒತ್ತಿ.

ಫೋರ್-ಸ್ಟ್ರೋಕಿಗೆ ಎಣ್ಣೆಯೇ ಮುಖ್ಯ. 10ಡಬ್ಲ್ಯು ಎಣ್ಣೆ ಮೈನಸ್ 25ರಲ್ಲಿ ಬೆಲ್ಲದ ಪಾಕದ ಹಾಗೆ, ಸೆಲ್ಫ್ ಅದನ್ನು ಕಲಕಿಯೇ ಸುಸ್ತಾಗುತ್ತೆ. ಕೈಪಿಡಿಯಲ್ಲಿ ಹೇಳಿರೋ 0ಡಬ್ಲ್ಯು ಸಿಂಥೆಟಿಕ್ಕನ್ನೇ ಹಾಕಿ. ಹಗ್ಗ ಇಲ್ಲದ ಗಾಡಿಗೆ ಲಿಥಿಯಂ ಜಂಪ್ ಪ್ಯಾಕ್ ಒಂದು ಇಟ್ಟುಕೊಳ್ಳಿ, ಗಾಡಿಯ ಡಿಕ್ಕಿಯಲ್ಲಲ್ಲ, ಜಾಕೆಟ್ಟಿನ ಒಳಜೇಬಲ್ಲಿ. ತಣ್ಣಗಾದರೆ ಅದೂ ಕೈಕೊಡುತ್ತೆ. ಸ್ಕೀ-ಡೂ ಗಾಡಿಗಳ ಷಾಟ್ ವ್ಯವಸ್ಥೆ ಇರೋರಿಗೆ ಇಲ್ಲಿನ ಮಾತು ಹೆಚ್ಚು ಅನ್ವಯಿಸಲ್ಲ. ಅದರಲ್ಲಿ ಬೇರೆ ಸೆಲ್ಫ್ ಮೋಟಾರೂ ಇಲ್ಲ, ದೊಡ್ಡ ಬ್ಯಾಟರಿಯೂ ಇಲ್ಲ. ದಿನದ ಮೊದಲ ಸ್ಟಾರ್ಟ್ ಹಗ್ಗದಲ್ಲೇ, ಆಮೇಲಿನದು ಕೆಪಾಸಿಟರಿನ ಬಲದಲ್ಲಿ ಮ್ಯಾಗ್ನೆಟೊ ಮೂಲಕ.

ಡುಲುತ್ ದಾರಿ

ಅರ್ಥ್ ಕೇಬಲ್ ಲಗ್ಗಿನ ಹತ್ತಿರ ಬಗ್ಗಿಸಿದಾಗ ಗರಗರ ಅಂತು. ಸುತ್ತು ಸೀಳಿ ನೋಡಿದರೆ ಕಾಲು ಭಾಗ ಎಳೆಗಳು ಮಾತ್ರ ಉಳಿದಿದ್ದವು. ಅದು ಮತ್ತು ಸೊಲೆನಾಯ್ಡ್ ಎರಡೂ ಹೊಸದು ಹಾಕಿದೆ. ಪಿನಿಯನ್ನಿನ ಹಿಂದೆ ಬೆಲ್ಟಿನ ನೂಲು ಒಂದು ಗಂಟು ಸಿಕ್ಕಿತು, ಸುರುಳಿ ತೊಳೆದು ಗ್ರಾಫೈಟ್ ಹಾಕಿದೆ. ಬ್ರಷ್ ಚೆನ್ನಾಗಿವೆ, ಕಮ್ಯುಟೇಟರ್ ಕಂದು ಬಣ್ಣ, ಮುಟ್ಟಲಿಲ್ಲ. ಈಗ ಮೈನಸ್ 23ರಲ್ಲಿ ಮೋಟಾರಿಗೆ 10 ವೋಲ್ಟ್ ಸಿಗ್ತಿದೆ, ಮೊದಲ ಒತ್ತಿಗೇ ಹಲ್ಲು ಕೂರುತ್ತೆ.

ಒಂದೇ ಅನುಮಾನ. ಮೋಟಾರ್ ಮುಚ್ಚಿದ ಮೇಲೆ ಮೇಜಿನ ಮೇಲೆ ಒಂದು ತೆಳು ವಾಷರ್ ಉಳಿದಿದೆ. ಫೋಟೋದಲ್ಲಿ ಬ್ರಷ್ ಕಡೆ ಎರಡು ಕಾಣುತ್ತೆ, ಹಾಕಿದ್ದು ಒಂದೇ ಅನ್ನಿಸುತ್ತೆ. ಹೀಗೇ ಓಡಿಸಬಹುದಾ?

ಹುಬ್ಬಳ್ಳಿ ಆರ್ಮೇಚರ್

ಬ್ಯಾಡ್ರಿ, ಮತ್ತ ಬಿಚ್ಚಿ ಹಾಕ್ರಿ. ಆ ವಾಷರ್ ಇಲ್ಲಂದ್ರ ಆರ್ಮೇಚರ್ ಉದ್ದಕ್ಕ ಹಿಂದ ಮುಂದ ಆಡ್ತದ. ಬೆಂಡಿಕ್ಸ್ ಹಾರೂ ಮುಂದ ಆರ್ಮೇಚರ್ ಹಿಂದಕ್ಕ ಒದ್ದು ಕಮ್ಯುಟೇಟರಿನ ತುದಿ ಬ್ರಷ್ ತಟ್ಟಿಗೆ ತಿಕ್ತದ, ಒಂದ ಸೀಸನ್ನಿನಾಗ ತಟ್ಟಿ ಸವದು ಶಾರ್ಟ್ ಆಗ್ತದ. ಈಗ ಶಾಫ್ಟ್ ಹಿಡದು ಜಗ್ಗಿ ನೋಡ್ರಿ, ಟಕ ಟಕ ಅಂತ ಆಟ ಕೈಗೆ ಸಿಗ್ತದ. ವಾಷರಿಗೆ ಒಂದ ಹನಿ ಎಣ್ಣಿ ಹಚ್ಚಿ ಶಾಫ್ಟಿಗೆ ಅಂಟಿಸಿ ಮುಚ್ಚಳ ಹಾಕ್ರಿ, ಬೀಳೂದಿಲ್ಲ. ಮುಚ್ಚುವಾಗ ನಾಕೂ ಬ್ರಷ್ ಹಿಂದ ಹಿಡಿಲಿಕ್ಕೆ ದಾರ ಕಟ್ರಿ, ಮುಚ್ಚಳ ಕುಂತ ಮ್ಯಾಲ ದಾರ ಎಳಕೊಂಡ್ರ ಆತು.